ಕಾಗದ ಮುಂದಿಡಿ, ನೆನಪು ಕೇಳಬೇಡಿ: ಮನೆ-ಹೊಲದ ಕೆಲಸಕ್ಕೆ ಎಐ ಬಳಸುವ ಕ್ರಮ

ಪಹಣಿ ಓದಿಸುವುದು, ಕಚೇರಿಗೆ ಅರ್ಜಿ ಬರೆಸುವುದು, ಕಬ್ಬಿನ ಬಿಲ್ಲಿನ ಲೆಕ್ಕ ನೋಡುವುದು, ಬೆಳೆಗೆ ಬಂದ ರೋಗ ಕೇಳುವುದು, ಲ್ಯಾಬ್ ರಿಪೋರ್ಟ್ ಅರ್ಥ ಮಾಡಿಕೊಳ್ಳುವುದು: ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರಿಗೆ ಫೋನಿನಲ್ಲಿರುವ ಎಐ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸಗಳು ಇವು. ಇವನ್ನು ಹೇಗೆ ಮಾಡಿಸಬೇಕು, ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಕೊನೆಯಲ್ಲಿ, ಇದೇ ತಂತ್ರಜ್ಞಾನ ಹಿಡಿದು ಮೋಸ ಮಾಡುವವರ ಫೋನ್ ಬಂದಾಗ ಮಾಡಬೇಕಾದದ್ದೂ ಇದೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಈ ಯಂತ್ರದಿಂದ ಎರಡು ಥರ ಕೆಲಸ ಮಾಡಿಸಬಹುದು. ನೀವು ಮುಂದಿಟ್ಟ ಕಾಗದವನ್ನು ಓದಿ ಹೇಳು ಅನ್ನುವುದು ಒಂದು. ಏನೂ ಕೊಡದೆ, ನಿನಗೆ ಗೊತ್ತಿರುವುದನ್ನು ಹೇಳು ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಅದು ಬಲು ಚುರುಕು. ಎರಡನೆಯದರಲ್ಲಿ ಇಲ್ಲದ್ದನ್ನೂ ಇದ್ದದ್ದರಷ್ಟೇ ನಿಸ್ಸಂಕೋಚವಾಗಿ ಹೇಳಿಬಿಡುತ್ತದೆ.

ಕಾರಣ ಅದರ ರಚನೆಯಲ್ಲೇ ಇದೆ. 2022ರ ನವೆಂಬರ್ 30ರಂದು ಬಂದ ಚಾಟ್‌ಜಿಪಿಟಿಯಾಗಲಿ, ಆಮೇಲೆ ಬಂದ ಜೆಮಿನಿಯಾಗಲಿ, ಇಲ್ಲಿಯವರೆಗಿನ ಮಾತಿನ ನಂತರ ಯಾವ ಪದದ ತುಣುಕು ಬರಬಹುದು ಎಂದು ಅಂದಾಜಿಸುತ್ತಾ ಹೋಗುತ್ತವೆ. ತರಬೇತಿಯಲ್ಲಿ ಓದಿದ್ದೆಲ್ಲ ಅವುಗಳೊಳಗೆ ಪುಟಪುಟವಾಗಿ ಜೋಡಿಸಿಟ್ಟಿಲ್ಲ. ಕೋಟ್ಯಂತರ ಅಂಕಿಗಳಲ್ಲಿ ಕರಗಿ ಹೋಗಿದೆ. ಸಾವಿರಾರು ಕಡೆ ಬರೆದಿರುವ ಸಂಗತಿ ಸಾಮಾನ್ಯವಾಗಿ ಸರಿಯಾಗಿ ಬರುತ್ತದೆ. ಕೆರಗೋಡು ಹೋಬಳಿಯ ಯಾವುದೋ ಕಚೇರಿಯ ನಂಬರು, ಈ ತಿಂಗಳ ದರ, ಒಂದು ಕಾಯ್ದೆಯ ಸೆಕ್ಷನ್ ಇಂಥವು ಬಂದಾಗ ಹೊಂದುವಂತೆ ಕಾಣುವ ಏನನ್ನೋ ಸೇರಿಸಿಬಿಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ ಸಂಶೋಧಕರೇ ಇದಕ್ಕೆ ಒಂದು ಕಾರಣ ಕೊಟ್ಟರು: ಇವುಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ‘ಗೊತ್ತಿಲ್ಲ’ ಅಂದರೆ ಸೊನ್ನೆ, ಊಹೆ ಹೊಡೆದು ಸರಿಯಾದರೆ ಅಂಕ. ಹಾಗಾಗಿ ಊಹಿಸುವ ಅಭ್ಯಾಸ ಉಳಿದುಕೊಳ್ಳುತ್ತದೆ. ಅದಕ್ಕೇ ಮುಂದಿನ ಪ್ರತಿ ಕೆಲಸದಲ್ಲೂ ಕಾಗದ, ಚೀಟಿ, ಫೋಟೊ ನಿಮ್ಮ ಕಡೆಯಿಂದಲೇ ಹೋಗಬೇಕು.

ಶುರು ಮಾಡುವ ಮುನ್ನ

ಆಪ್ ಹಾಕಿಕೊಳ್ಳುವಾಗ ಹೆಸರಿನ ಕೆಳಗೆ ತಯಾರಿಸಿದವರ ಹೆಸರು ನೋಡಿ. ಚಾಟ್‌ಜಿಪಿಟಿಗೆ ಓಪನ್‌ಎಐ, ಜೆಮಿನಿಗೆ ಗೂಗಲ್ ಎಂದಿರಬೇಕು. ಅದೇ ಬಣ್ಣ, ಅದೇ ಥರದ ಚಿಹ್ನೆ ಇಟ್ಟುಕೊಂಡು ವಾರದ ಬಾಡಿಗೆ ಕೀಳುವ ನಕಲಿ ಆಪ್‌ಗಳಿವೆ. ಜೆಮಿನಿ ಆಪ್ ಭಾರತಕ್ಕೆ 2024ರ ಜೂನ್‌ನಲ್ಲಿ ಬಂದಾಗಲೇ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಸಿಕ್ಕಿತು. ಈ ಲೇಖನದ ಕೆಲಸಗಳಿಗೆ ದುಡ್ಡು ಕೊಡದ ಆವೃತ್ತಿ ಸಾಕು.

ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಮಾತುಕತೆಯನ್ನು ಎಐ ಯಂತ್ರದ ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿ. ಅದು ಆಫ್ ಆಗಿದ್ದರೂ ಆಧಾರ್ ಕಾರ್ಡು, ಪಾಸ್‌ಬುಕ್, ಸಹಿ ಇರುವ ಚೆಕ್ಕು, ಒಟಿಪಿ ಇವನ್ನು ಹಾಕಲೇಬೇಡಿ. ಪಹಣಿಯ ವಿಚಾರ ಬೇರೆ: ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ ಅದು.

ಬಾಯಲ್ಲಿ ಹೇಳಿ ಟೈಪ್ ಮಾಡಿಸುವವರಿಗೆ ಒಂದು ಎಚ್ಚರಿಕೆ. ಧ್ವನಿ ಗುರುತಿಸುವ ವ್ಯವಸ್ಥೆಗಳು ಓದುವ ಕನ್ನಡಕ್ಕೆ ಹೆಚ್ಚು ಪಳಗಿವೆ. ನಮ್ಮ ಕಡೆ ‘ಹಾಲು’ ಬಾಯಲ್ಲಿ ‘ಆಲು’ ಆಗುತ್ತದೆ, ‘ಹಳ್ಳಿ’ ‘ಅಳ್ಳಿ’ ಆಗುತ್ತದೆ. ಯಂತ್ರ ಬೇರೆ ಪದ ಹಿಡಿದುಕೊಳ್ಳುತ್ತದೆ. ಚಿಕ್ಕ ಚಿಕ್ಕ ವಾಕ್ಯ ಹೇಳಿ, ಕಳಿಸುವ ಮೊದಲು ತೆರೆಯ ಮೇಲೆ ಬಂದದ್ದನ್ನು ಒಮ್ಮೆ ಓದಿ. ಊರಿನ ಹೆಸರು, ಅಂಕಿ ಇದ್ದರೆ ಕೈಯಲ್ಲೇ ಟೈಪ್ ಮಾಡುವುದು ಲೇಸು.

ಪಹಣಿ ಓದಿಸುವುದು

ಹೆಚ್ಚು ಜನ ಎಡವುವುದು ಇಲ್ಲೇ, ನಷ್ಟ ಆಗುವುದೂ ಇಲ್ಲೇ. ನಿಧಾನವಾಗಿ ಮಾಡಿ.

1. ಕಾಗದವನ್ನು ಮೇಜಿನ ಮೇಲೆ ಮಡಿಕೆ ಬಿಡಿಸಿ ಹಾಸಿ. ಹಗಲು ಬೆಳಕಿನಲ್ಲಿ, ಫೋನನ್ನು ನೇರ ಮೇಲಿನಿಂದ ಹಿಡಿದು, ನಿಮ್ಮ ನೆರಳು ಬೀಳದ ಹಾಗೆ ಫೋಟೊ ತೆಗೆಯಿರಿ. ಒಂದು ಪುಟಕ್ಕೆ ಒಂದು ಫೋಟೊ.

2. ಬೇರೆಯವರಿಂದ ವಾಟ್ಸಾಪ್‌ನಲ್ಲಿ ತರಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಒತ್ತಕ್ಷರಗಳು ಕಲಸಿಹೋಗುತ್ತವೆ.

3. ಫೋಟೊ ಜೊತೆ ಹೀಗೆ ಬರೆಯಿರಿ: “ಇದು ಕರ್ನಾಟಕದ ಪಹಣಿ. ವಿಸ್ತೀರ್ಣದಲ್ಲಿ ಮೊದಲ ಸಂಖ್ಯೆ ಎಕರೆ, ಎರಡನೆಯದು ಗುಂಟೆ. 40 ಗುಂಟೆಗೆ ಒಂದು ಎಕರೆ. ಕಾಲಂ 9, 10, 11ರಲ್ಲಿ ಇರುವುದನ್ನು ಇರುವ ಹಾಗೆಯೇ ಬರೆ. ಓದಲಾಗದ ಕಡೆ ‘ಓದಲಾಗಲಿಲ್ಲ’ ಎಂದು ಬರೆ, ಊಹಿಸಬೇಡ.”

4. ಬಂದ ಉತ್ತರವನ್ನು ಕಾಗದದ ಪಕ್ಕದಲ್ಲಿಟ್ಟು ಹೆಸರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಈ ನಾಲ್ಕನ್ನು ಬೆರಳಿಟ್ಟು ತಾಳೆ ನೋಡಿ.

5. ಆಮೇಲಷ್ಟೇ ಅರ್ಥ ಕೇಳಿ.

ಕಾಲಂ 9ರಲ್ಲಿ ಮಾಲೀಕರ ಹೆಸರು, ಅವರ ಪಾಲಿನ ವಿಸ್ತೀರ್ಣ, ಖಾತೆ ಸಂಖ್ಯೆ ಇರುತ್ತದೆ. 10ರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಎಂಬುದು, ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರಿನೊಡನೆ. 11ರಲ್ಲಿ ಇತರೆ ಹಕ್ಕು ಮತ್ತು ಋಣ. ಬ್ಯಾಂಕಿನ ಅಥವಾ ಸೊಸೈಟಿಯ ಸಾಲ ಕಾಣುವುದು ಇಲ್ಲಿ. 12ರಲ್ಲಿ ಸಾಗುವಳಿ ಮತ್ತು ಬೆಳೆ. ಸಾಲ ತೀರಿಸಿದ ಮೇಲೂ ಕಾಲಂ 11ರಲ್ಲಿ ಹಳೆಯ ನಮೂದು ಉಳಿದಿದೆಯೇ ಎಂದು ಯಂತ್ರಕ್ಕೆ ಬಿಡಿಸಿ ಕೇಳುವುದು ಒಳ್ಳೆಯದು. ಸಾಲಿನ ನಡುವೆ ಹುದುಗಿರುವ ಇಂಥ ನಮೂದು ಹುಡುಕುವುದರಲ್ಲಿ ಅದಕ್ಕೆ ನಮ್ಮ ಕಣ್ಣಿಗಿಂತ ತಾಳ್ಮೆ ಹೆಚ್ಚು.

ಇನ್ನು ಎಕರೆ-ಗುಂಟೆಯ ತೊಂದರೆ. ಪಹಣಿಯಲ್ಲಿ 1.20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಹೇಳಿಕೊಡದಿದ್ದರೆ ಯಂತ್ರ ಅದನ್ನು ದಶಮಾಂಶ ಎಂದುಕೊಂಡು 1.2 ಎಕರೆ ಮಾಡುತ್ತದೆ. 1.20 ಮತ್ತು 2.30 ವಿಸ್ತೀರ್ಣದ ಎರಡು ತುಂಡುಗಳನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಬೇಕು ಎನ್ನಿ. ಸರಿಯಾದ ಲೆಕ್ಕ: 60 ಗುಂಟೆ ಮತ್ತು 110 ಗುಂಟೆ ಕೂಡಿದರೆ 170, ಅಂದರೆ 4 ಎಕರೆ 10 ಗುಂಟೆ; ಒಬ್ಬೊಬ್ಬರಿಗೆ 56 ಗುಂಟೆ ಚಿಲ್ಲರೆ. ಯಂತ್ರದ ದಶಮಾಂಶದ ಲೆಕ್ಕದಲ್ಲಿ ಒಟ್ಟು 3.5 ಎಕರೆ, ಅಂದರೆ 140 ಗುಂಟೆಯಷ್ಟೇ. ಮೂವತ್ತು ಗುಂಟೆ ಕಾಗದದ ಮೇಲೆ ಮಾಯ, ತಲೆಗೆ ಹತ್ತು ಗುಂಟೆ ಖೋತಾ. ಭಾಗದ ಮಾತುಕತೆಗೆ ಕೂರುವ ಮೊದಲು ಎಲ್ಲವನ್ನೂ ಗುಂಟೆಗೆ ತಂದು ಲೆಕ್ಕ ಮಾಡು ಎಂದು ಹೇಳಿ. ಗುಂಟೆಗೆ 16 ಆಣೆ ಎಂಬುದನ್ನೂ ತಿಳಿಸಿಬಿಡಿ.

ಹಳೆಯ ಕೈಬರಹದ ಪಹಣಿ, ಕ್ರಯಪತ್ರಗಳಲ್ಲಿ ಕನ್ನಡ ಅಂಕಿಗಳಿರುತ್ತವೆ. ೩ ಮತ್ತು ೬, ೧ ಮತ್ತು ೦ ಇವನ್ನು ಯಂತ್ರ ಒಂದಕ್ಕೊಂದು ಬದಲಿಸಿ ಓದುವುದುಂಟು. ಅಂಥ ಕಾಗದದ ಅಂಕಿಗಳಿಗೆ ಅದರ ಮಾತನ್ನೇ ನೆಚ್ಚಬೇಡಿ. ಹಳೆಯ ಬರಹ ಓದಬಲ್ಲ ಹಿರಿಯರಿಗೋ ಪತ್ರ ಬರಹಗಾರರಿಗೋ ತೋರಿಸಿ.

ಅರ್ಜಿ ಬರೆಸುವುದು

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಬೇಕು ಎನ್ನಿ. “ತಹಶೀಲ್ದಾರರಿಗೆ ಪತ್ರ ಬರೆ” ಎಂದಷ್ಟೇ ಹೇಳಿದರೆ ಇಂಗ್ಲಿಷಿನಿಂದ ಎತ್ತಿಟ್ಟಂತಹ, ಸುತ್ತು ಬಳಸುವ ಒಂದೂವರೆ ಪುಟ ಬರುತ್ತದೆ. ಇದೇ ಬಗೆಯ ಹಳೆಯ ಅರ್ಜಿಯೊಂದರ ಫೋಟೊ ಕೊಟ್ಟು, “ಇದೇ ನಮೂನೆ, ಇದೇ ಭಾಷೆ, ಒಂದೇ ಪುಟ” ಎನ್ನಿ. ನಮೂನೆ ಸಿಗದಿದ್ದರೆ ಕ್ರಮ ಹೇಳಿಕೊಡಿ: ಇಂದ, ಗೆ, ಮಾನ್ಯರೆ, ವಿಷಯ, ಉಲ್ಲೇಖ, ಮೂರು-ನಾಲ್ಕು ವಾಕ್ಯದ ವಿವರ, ಲಗತ್ತುಗಳ ಪಟ್ಟಿ, ಸ್ಥಳ, ದಿನಾಂಕ, ಸಹಿ. ಮರಣ ಪ್ರಮಾಣಪತ್ರದ ದಿನಾಂಕ, ವಂಶವೃಕ್ಷದಲ್ಲಿರುವ ಹೆಸರುಗಳು, ಸರ್ವೆ ನಂಬರ್ ಎಲ್ಲ ನೀವೇ ಕೊಡಿ. ಹೆಸರಿನ ಕಾಗುಣಿತ ಪಹಣಿಯಲ್ಲಿ ಇರುವ ಹಾಗೆಯೇ ಇರಲಿ. ‘ನಂಜೇಗೌಡ’ ಒಂದು ಕಡೆ ‘ನಂಜೆಗೌಡ’ ಆದರೂ ಕಚೇರಿಯಲ್ಲಿ ಅಲೆದಾಟ ಹಿಡಿಯುತ್ತದೆ.

ಬಂದ ಅರ್ಜಿಯಲ್ಲಿ ಕಾಯ್ದೆಯ ಹೆಸರು, ಸೆಕ್ಷನ್, ಸುತ್ತೋಲೆಯ ನಂಬರು ಏನಾದರೂ ಕಂಡರೆ, ನೀವು ಕೊಟ್ಟದ್ದಲ್ಲವಾದರೆ, ಹೊಡೆದು ಹಾಕಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಇರುವುದು ನಿಜ. ಅದರ ಇಂತಿಷ್ಟನೇ ಸೆಕ್ಷನ್ ಪ್ರಕಾರ ಎಂದು ಯಂತ್ರ ಸೇರಿಸಿದ್ದು ನಿಜವೇ ಆಗಿರಬೇಕೆಂದಿಲ್ಲ. ಸಾಮಾನ್ಯ ಅರ್ಜಿಗೆ ಸೆಕ್ಷನ್ ಬೇಕಾಗಿಯೂ ಇಲ್ಲ. ಅರ್ಜಿ ಕೊಟ್ಟ ಮೇಲೆ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಎಷ್ಟೇ ಚೆನ್ನಾಗಿ ಬರೆದ ಅರ್ಜಿಯಾದರೂ, ಆ ಸಂಖ್ಯೆ ಇಲ್ಲದಿದ್ದರೆ ಕೊಟ್ಟದ್ದಕ್ಕೆ ಗುರುತಿಲ್ಲ.

ಕಬ್ಬಿನ ಬಿಲ್ಲು

ಕಾರ್ಖಾನೆಯ ತೂಕದ ಚೀಟಿ, ಬಿಲ್ಲು ಎರಡರ ಫೋಟೊವನ್ನೂ ಒಟ್ಟಿಗೆ ಹಾಕಿ. ಗಾಡಿ ಸಮೇತ ತೂಕ, ಖಾಲಿ ಗಾಡಿ ತೂಕ, ನಿವ್ವಳ ತೂಕ, ದರ, ಕಡಿತಗಳು, ಕೈಗೆ ಬಂದ ಮೊತ್ತ ಇವನ್ನು ಮೊದಲು ಪಟ್ಟಿ ಮಾಡಿಸಿ, ಆಮೇಲೆ ಲೆಕ್ಕ ಹಾಕಿಸಿ. ಉದಾಹರಣೆಗೆ 26.310 ಟನ್ನಿನಲ್ಲಿ ಖಾಲಿ ಗಾಡಿಯ 7.860 ಕಳೆದರೆ 18.450 ಟನ್. ಟನ್ನಿಗೆ 3,550 ರೂಪಾಯಿಯಂತೆ 65,497 ರೂಪಾಯಿ 50 ಪೈಸೆ. ಕಟಾವು, ಸಾಗಣೆ ಕಡಿತವನ್ನು ಇದರಲ್ಲಿ ಕಳೆಯಬೇಕು.

ಯಂತ್ರ ದೊಡ್ಡ ಸಂಖ್ಯೆಗಳನ್ನೂ ಪದದ ತುಣುಕುಗಳಂತೆಯೇ ಬರೆಯುವುದರಿಂದ ಗುಣಾಕಾರದಲ್ಲಿ ಒಮ್ಮೊಮ್ಮೆ ಜಾರುತ್ತದೆ. ಹೆಜ್ಜೆ ಹೆಜ್ಜೆಯಾಗಿ ತೋರಿಸು ಎನ್ನಿ. ಕೊನೆಯ ಗುಣಾಕಾರವನ್ನು ಫೋನಿನ ಕ್ಯಾಲ್ಕುಲೇಟರಿನಲ್ಲಿ ನೀವೇ ಒತ್ತಿ ನೋಡಿ.

ದರವನ್ನು ಮಾತ್ರ ಅದರ ನೆನಪಿನಿಂದ ಹೇಳಿಸಬೇಡಿ. ಕೇಂದ್ರ ಸರ್ಕಾರದ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ) 2024-25ರ ಹಂಗಾಮಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ತರಬೇತಿ ಮೊದಲೇ ಮುಗಿದ ಯಂತ್ರ ಹಳೆಯದನ್ನೇ ಈಗಿನದು ಎಂದು ಹೇಳಿದರೆ ಟನ್ನಿಗೆ 150 ರೂಪಾಯಿ ವ್ಯತ್ಯಾಸ. ಇನ್ನೊಂದು ಸೂಕ್ಷ್ಮವಿದೆ: 2025-26ರ 355 ಎನ್ನುವುದು ಶೇ 10.25 ಸಕ್ಕರೆ ಇಳುವರಿಗೆ. ಇಳುವರಿ ಅದಕ್ಕಿಂತ ಶೇ 0.1 ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತದೆ, ಇಳಿದರೆ ಅಷ್ಟೇ ಕಡಿಮೆಯಾಗುತ್ತದೆ, ಶೇ 9.5ಕ್ಕಿಂತ ಕೆಳಗೆ ಹೋದರೂ 329.05 ರೂಪಾಯಿಗಿಂತ ಕೆಳಗಿಳಿಯುವುದಿಲ್ಲ. ನಿಮ್ಮ ಹಂಗಾಮಿನ ಇಂಥ ಅಂಕಿಗಳನ್ನು, ಕಾರ್ಖಾನೆ ಪ್ರಕಟಿಸಿದ ಇಳುವರಿಯನ್ನು ನೀವೇ ಬರೆದುಕೊಟ್ಟು ಲೆಕ್ಕ ಕೇಳಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಚೀಟಿಯ ದಿನಾಂಕ, ಹಣ ಬಂದ ದಿನಾಂಕ ಕೊಟ್ಟರೆ ಬಾಕಿ ಬಡ್ಡಿಯ ಪಟ್ಟಿಯನ್ನೂ ಮಾಡಿಕೊಡುತ್ತದೆ.

ಬೆಳೆಯ ರೋಗ ಕೇಳುವುದು

ಒಂದು ಎಲೆಯ ಫೋಟೊ ಹಾಕಿ “ಇದೇನು ರೋಗ?” ಎಂದು ಕೇಳುವುದು ಎಲ್ಲರ ರೂಢಿ. ಯಂತ್ರ ಒಂದು ಹೆಸರು ಹೇಳೇ ಹೇಳುತ್ತದೆ, ಸಾಮಾನ್ಯವಾಗಿ ಔಷಧಿಯ ಹೆಸರನ್ನೂ ಸೇರಿಸುತ್ತದೆ. ಒಂದು ಎಲೆಯಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳಿವೆ. ಕೂಳೆ ಕಬ್ಬು ಹಳದಿಯಾಗಿದೆ ಎನ್ನಿ: ಸಾರಜನಕದ ಕೊರತೆಯಾದರೆ ಹಳದಿ ಮೊದಲು ಕೆಳಗಿನ ಹಳೆಯ ಎಲೆಗೆ ಬರುತ್ತದೆ, ಕಬ್ಬಿಣದ ಕೊರತೆಯಾದರೆ ಮೇಲಿನ ಎಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಬಿಳಿಚಿಕೊಳ್ಳುತ್ತದೆ. ಎರಡು ಎಲೆಯನ್ನೂ ತೋರಿಸದೆ ಕೇಳಿದರೆ ಯೂರಿಯಾ ಹಾಕು ಎಂಬ ಸಲಹೆ ಬರಬಹುದು, ದುಡ್ಡು ಮಣ್ಣಿಗೆ ಹೋಗುತ್ತದೆ.

ಆದ್ದರಿಂದ ಕನಿಷ್ಠ ಐದು ಫೋಟೊ ತೆಗೆಯಿರಿ: ದೂರದಿಂದ ಇಡೀ ತಾಕು, ಒಂದು ಪೂರ್ತಿ ಗಿಡ, ಕೆಳಗಿನ ಹಳೆಯ ಎಲೆ, ಮೇಲಿನ ಹೊಸ ಎಲೆ, ಎಲೆಯ ಹಿಂಬದಿ. ಭತ್ತವಾದರೆ ಆರನೆಯದು ಬುಡದ್ದು. ಕಂದು ಜಿಗಿಹುಳು ನೀರಿನ ಮಟ್ಟದ ಮೇಲೆ ಬುಡದಲ್ಲಿ ಕೂತು ರಸ ಹೀರುತ್ತದೆ, ಎಲೆಯ ಫೋಟೊದಲ್ಲಿ ಅದು ಸಿಗುವುದಿಲ್ಲ. ಕಬ್ಬಿನ ಕೆಂಪು ಕೊಳೆ ರೋಗದ ಅನುಮಾನವಿದ್ದರೆ ಜಲ್ಲೆಯನ್ನು ಉದ್ದಕ್ಕೆ ಸೀಳಿ ಒಳಭಾಗದ ಫೋಟೊ ತೆಗೆಯಿರಿ. ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಮಚ್ಚೆಗಳಿರುತ್ತವೆ. ಹುಳಿ ವಾಸನೆ ಬರುತ್ತಿದೆಯೇ ಎಂಬುದನ್ನು ನೀವೇ ಮೂಸಿ ಬರೆಯಬೇಕು, ಕ್ಯಾಮೆರಾಕ್ಕೆ ಅದು ಗೊತ್ತಾಗದು.

ಫೋಟೊ ಜೊತೆ ತಳಿ, ಬೆಳೆಯ ವಯಸ್ಸು, ನಾಲೆ ನೀರೋ ಬೋರೋ, ಕೊನೆಯ ಸಲ ಯಾವ ಗೊಬ್ಬರ ಯಾವಾಗ ಹಾಕಿದ್ದು, ರೋಗ ತೇಪೆ ತೇಪೆಯಾಗಿದೆಯೋ ಎಲ್ಲ ಕಡೆ ಹರಡಿದೆಯೋ ಎಂದು ಬರೆಯಿರಿ. ಕೇಳುವ ರೀತಿಯನ್ನೂ ಬದಲಿಸಿ: “ಇದು ಏನಾಗಿರಬಹುದು, ಮೂರು ಸಾಧ್ಯತೆ ಹೇಳು. ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಹೊಲದಲ್ಲಿ ನಾನು ಏನು ನೋಡಬೇಕು?” ಈ ಪ್ರಶ್ನೆಗೆ ಬರುವ ಉತ್ತರ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಕೊನೆಯ ತೀರ್ಮಾನ ನಿಮ್ಮ ಕಣ್ಣಿನ ಮುಂದೆ ಆಗುತ್ತದೆ.

ಔಷಧಿಯ ಹೆಸರು, ಪ್ರಮಾಣ ಯಂತ್ರದ ಬಾಯಿಂದ ಬೇಡ. ಆ ಮೂರು ಸಾಧ್ಯತೆಗಳ ಪಟ್ಟಿಯನ್ನು ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳ ಬಳಿಗೋ ಹೋಗಿ. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಡಬ್ಬಿ ಕೈಗೆ ಬಂದ ಮೇಲೆ ಅದರ ಲೇಬಲ್ಲಿನ ಫೋಟೊ ತೆಗೆದು ಬೆರಕೆಯ ಲೆಕ್ಕ ಮಾಡಿಸುವುದಕ್ಕೆ ಅಡ್ಡಿಯಿಲ್ಲ. ಲೀಟರಿಗೆ 2 ಮಿ.ಲೀ. ಎಂದಿದ್ದರೆ 16 ಲೀಟರಿನ ಕ್ಯಾನಿಗೆ 32 ಮಿ.ಲೀ.; ಎಕರೆಗೆ 200 ಲೀಟರ್ ದ್ರಾವಣ ಬೇಕಿದ್ದರೆ ಹನ್ನೆರಡೂವರೆ ಕ್ಯಾನು, 400 ಮಿ.ಲೀ. ಔಷಧಿ. ಲೇಬಲ್ಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ.

ಲ್ಯಾಬ್ ರಿಪೋರ್ಟ್

ಹೆಸರು, ಫೋನ್ ನಂಬರು ಇರುವ ಮೇಲ್ಭಾಗವನ್ನು ಕತ್ತರಿಸಿ ಉಳಿದದ್ದನ್ನಷ್ಟೇ ಹಾಕಿ. ವಯಸ್ಸು, ಗಂಡೋ ಹೆಣ್ಣೋ, ಈಗ ಇರುವ ಕಾಯಿಲೆ ಬರೆಯಿರಿ. ಪ್ರತಿ ಸಾಲು ಏನನ್ನು ಅಳೆಯುತ್ತದೆ, ಡಾಕ್ಟರನ್ನು ಏನು ಕೇಳಬೇಕು ಎಂದು ಕೇಳಿ. ಎಚ್‌ಬಿಎ1ಸಿ ಎಂದರೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ, ಶೇ 6.5 ಮತ್ತು ಮೇಲ್ಪಟ್ಟು ಮಧುಮೇಹದ ಮಟ್ಟ ಎಂಬಂಥ ಸಂಗತಿಗಳನ್ನು ಅದು ಚೆನ್ನಾಗಿ ತಿಳಿಸಿಕೊಡುತ್ತದೆ. ಐದು ನಿಮಿಷದ ಓಪಿಡಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋದವರಿಗೆ ಡಾಕ್ಟರ್ ಭೇಟಿ ಸಾರ್ಥಕ.

ಡಾಕ್ಟರ ಕೈಬರಹದ ಚೀಟಿಯನ್ನು ಓದಿಸಿ ಮಾತ್ರೆ ಕೊಳ್ಳಬೇಡಿ. ಹೆಸರಿನಲ್ಲಿ ಒಂದಕ್ಷರ ಬದಲಾದರೆ ಬೇರೆಯೇ ಔಷಧಿ. ಥೈರಾಯ್ಡ್ ಕೊರತೆಗೆ ಕೊಡುವ ಮಾತ್ರೆ ಮೈಕ್ರೋಗ್ರಾಂ ಲೆಕ್ಕದ್ದು. ಅದನ್ನು ಮಿಲಿಗ್ರಾಂ ಎಂದು ಓದಿದರೆ ಸಾವಿರ ಪಟ್ಟಿನ ತಪ್ಪು. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಯಂತ್ರವನ್ನು ಕೇಳುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಮಗನ ದನಿಯಲ್ಲಿ ಬಂದ ಕರೆ

2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೋರಿಸಿದ ‘ವಾಲ್-ಇ’ ಎಂಬ ಮಾದರಿಗೆ ಒಬ್ಬರ ದನಿ ಅನುಕರಿಸಲು ಮೂರು ಸೆಕೆಂಡಿನ ರೆಕಾರ್ಡಿಂಗ್ ಸಾಕಾಗಿತ್ತು. ರೀಲ್ಸ್, ಸ್ಟೇಟಸ್ ಹಾಕುವ ಮಕ್ಕಳಿರುವ ಮನೆಯಲ್ಲಿ ಮೂರು ಸೆಕೆಂಡಿನ ದನಿ ಯಾರಿಗಾದರೂ ಸಿಗುತ್ತದೆ. “ಅಪ್ಪಾ, ಆ್ಯಕ್ಸಿಡೆಂಟ್ ಆಗೈತೆ, ಈ ನಂಬರಿಗೆ ದುಡ್ಡು ಹಾಕು” ಎಂಬ ಕರೆಯನ್ನು ದನಿಯಿಂದ ಪರೀಕ್ಷಿಸಲು ಹೋಗಬೇಡಿ. ವಿಡಿಯೊ ಕರೆಯಲ್ಲಿ ಮುಖ ಪಕ್ಕಕ್ಕೆ ತಿರುಗಿಸಿ ನೋಡು ಎನ್ನುವ ಉಪಾಯವೂ ದಿನದಿಂದ ದಿನಕ್ಕೆ ದುರ್ಬಲವಾಗುತ್ತಿದೆ.

ಕರೆ ಕಟ್ ಮಾಡಿ, ನಿಮ್ಮ ಬಳಿ ಮೊದಲಿನಿಂದ ಇರುವ ಮಗನ ನಂಬರಿಗೆ ನೀವೇ ಮಾಡಿ. ಎತ್ತದಿದ್ದರೆ ಅವನ ರೂಮಿನವರಿಗೋ ಸ್ನೇಹಿತರಿಗೋ ಮಾಡಿ. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ: ಹಳೆಯ ಎತ್ತಿನ ಹೆಸರು, ಅಜ್ಜಿ ಕರೆಯುತ್ತಿದ್ದ ಅಡ್ಡಹೆಸರು, ಫೇಸ್‌ಬುಕ್ಕಿನಲ್ಲಿ ಎಲ್ಲೂ ಬರೆಯದೇ ಇರುವಂಥದ್ದು. ದುಡ್ಡಿನ ಮಾತು ಬಂದಾಗ ಅದನ್ನು ಕೇಳಿ. ಪೊಲೀಸರ ಹೆಸರು ಹೇಳಿ, ಫೋನಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ, ಇದು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದರೆ ಫೋನ್ ಇಟ್ಟುಬಿಡಿ, ಅಂಥದ್ದು ಕಾನೂನಿನಲ್ಲೇ ಇಲ್ಲ.

ಹಣ ಹೋಗಿಯೇ ಬಿಟ್ಟಿದ್ದರೆ ಒಂದು ಕ್ಷಣವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ದಾಟಿಸುತ್ತಾರೆ. ದಾಟುವ ಮೊದಲು ದೂರು ಹೋದರೆ ಆ ಮೊತ್ತವನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ಕರೆ ಮಾಡುವಾಗ ಕೈಯಲ್ಲಿ ಇರಬೇಕಾದವು: ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಮೊತ್ತ, ಸಮಯ, ಹಣ ಹೋದ ಯುಪಿಐ ಐಡಿ, ಕರೆ ಬಂದ ನಂಬರು. ಆ ನಂಬರಿನ ಮಾತುಕತೆಯನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. 1930ರಿಂದ ಸಿಕ್ಕ ದೂರಿನ ಸಂಖ್ಯೆ ಬರೆದುಕೊಂಡು ಮಂಡ್ಯದವರು ಮಂಡ್ಯದ, ಮೈಸೂರಿನವರು ಮೈಸೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಅದೇ ದಿನ ಹೋಗಿ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.